ಜೀವಂಧರರ ನಾಲ್ಕು ಚುಕ್ಕೆ

ಮೂಡುಬಿದಿರೆಯ ಜೀವಂಧರರು ನಲವತ್ತು ವರ್ಷಗಳಿಂದ ತಾಳೆಗರಿ ಗ್ರಂಥಗಳನ್ನು ನೋಡಿಕೊಳ್ಳುತ್ತಿದ್ದಾರೆ. ತಲೆಸುತ್ತು ಬಂತೆಂದು ತೆಗೆಸಿದ ಮಿದುಳಿನ ಎಂಆರ್‌ಐಯಲ್ಲಿ ನಾಲ್ಕು ಸಣ್ಣ ಕಪ್ಪು ಚುಕ್ಕೆಗಳು ಕಂಡವು. ಜೊತೆಗೆ ಹೋಗಿದ್ದ ನಾನು ಮೊಬೈಲಿನಲ್ಲಿ ಹುಡುಕಿ, ಮನಸ್ಸಿನಲ್ಲೇ ಅವರ ಶ್ರದ್ಧಾಂಜಲಿ ಭಾಷಣವನ್ನು ಅರ್ಧ ಮುಗಿಸಿದ್ದೆ. ಅವರು ಫಿಲ್ಮನ್ನು ಓಲೆಯಂತೆ ಕಿಟಕಿಯ ಬೆಳಕಿಗೆ ಹಿಡಿದರು.

“ಹುಳ ತಿಂದ ತೂತಿನ ಹಾಗೇ ಉಂಟಲ್ಲ ಡಾಕ್ಟ್ರೇ! ಓದಿದ್ದೆಲ್ಲ ಮರೆತು ಹೋಗ್ತದಾ?”

“ನಾಲ್ಕಕ್ಕೆಲ್ಲ ಮರೆತು ಹೋಗುದಿಲ್ಲ. ಬಿಪಿ ಏರಿ ಸಣ್ಣ ರಕ್ತನಾಳ ಸೋರಿದ ಹಳೆಯ ಗುರುತು ಇದು. ಅಳಿಸ್ಲಿಕ್ಕೆ ಆಗುದಿಲ್ಲ, ಹೆಚ್ಚಾಗದ ಹಾಗೆ ನೋಡುವ. ಬಿಪಿ ಮಾತ್ರೆ ದಿನಾ ತಗೊಳ್ತೀರಾ?”

ಜೀವಂಧರರು ನನ್ನ ಮುಖ ನೋಡಿದರು. ಓಲೆಗಳಿಗೆ ವರ್ಷ ತಪ್ಪದೆ ಎಣ್ಣೆ ಹಚ್ಚುವ ಮನುಷ್ಯ ಮಾತ್ರೆ ನುಂಗುತ್ತಿದ್ದುದು ತಲೆ ನೋಯುವ ದಿನವಷ್ಟೇ.

ಮರುದಿನದಿಂದ ಎಣ್ಣೆ ಬಾಟಲಿಯ ಪಕ್ಕದಲ್ಲೇ ಮಾತ್ರೆಯ ಡಬ್ಬಿ ಕುಳಿತಿದೆ. ನನ್ನ ಭಾಷಣ ಅರ್ಧಕ್ಕೇ ನಿಂತಿದೆ.