ಬಸ್ಸು ಬಂದಳು, ಮಿದುಳು ಬೆಚ್ಚಿತು

ತಪ್ಪು ಕಂಡರೆ ಲೀಲಾವತಿಯವರ ಕೈ ಸುಮ್ಮನಿರುತ್ತಿರಲಿಲ್ಲ. ದೇಶದ ರಾಜಧಾನಿಯಲ್ಲಿ, ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ವರ್ಷ, ಸಚಿವಾಲಯದ ಕಡತಗಳಲ್ಲಿ ಕಾಗುಣಿತ ತಿದ್ದಿದ್ದೂ ಅಷ್ಟೇ ವರ್ಷ. ಹಿರಿಯೂರಿನ ನೆಂಟರು ಕಳಿಸಿದ ಮದುವೆ ಪತ್ರಿಕೆಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿ, ಫೋಟೊ ತೆಗೆದು ವಾಪಸು ಕಳಿಸಿದ ಮಹಾತಾಯಿ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ! ಅಂಥವರನ್ನು ಹಿಡಿದು ಬಾಯಿ ಮುಚ್ಚಿಕೊಂಡು ಕೂರು ಅಂದರೆ ಆದೀತೇ?

ಅಂದವಳು ಮಗಳು ಅಮಿತಾ. ಹೌಜ್ ಖಾಸ್‌ನಲ್ಲಿ ಮನಃಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಅವಳ ಪ್ರಯೋಗ ಇಷ್ಟೇ: ತಲೆಗೆ ತಂತಿಗಳ ಟೋಪಿ ಹಾಕುವುದು, ಪರದೆಯ ಮೇಲೆ ಒಂದೊಂದೇ ವಾಕ್ಯ ತೋರಿಸುವುದು. ವಾಕ್ಯ ಸರಿಯಿದ್ದರೆ ಮಿದುಳಿನ ಅಲೆ ತೆಪ್ಪಗಿರುತ್ತದೆ, ಎಡವಟ್ಟು ಪದ ಬಂದರೆ ಬೆಚ್ಚುತ್ತದೆ. ಇದನ್ನು ಕನ್ನಡದಲ್ಲಿ ಮಾಡಿ ತೋರಿಸುತ್ತೇನೆಂದು ಗೈಡ್ ಮನೋಜ್ ಅವರಿಗೆ ಮಾತು ಕೊಟ್ಟಿದ್ದಳು. ಅವರು ಮೇರಠ್ ಕಡೆಯವರು, ಮಾತೆಲ್ಲ ಹಿಂದಿ, ಕನ್ನಡ ಒಂದಕ್ಷರ ಬಾರದು. "ಶನಿವಾರ ಒಬ್ಬರ ಮೇಲಾದರೂ ಸರಿಯಾಗಿ ಬರಲಿ, ಇಲ್ಲದಿದ್ದರೆ ಇಲಿಗಳ ಗುಂಪಿಗೆ ಸೇರು" ಅಂದಿದ್ದರು. ಇಲಿಗಳು! ಹಲ್ಲಿ ಕಂಡರೆ ಸೋಫಾ ಹತ್ತುವ ಹುಡುಗಿ ವರ್ಷವಿಡೀ ಇಲಿಗೆ ಕಾಳು ಹಾಕಬೇಕೇ? ಲೀಲಾವತಿಯವರಿಗೆ ಕರುಳು ಚುರುಕ್ ಅಂದಿತು. ಬರುತ್ತೇನೆ ಅಂದರು.

"ಅಮ್ಮಾ, ತಲೆಗೆ ನೀರು ಹಾಕ್ಕೊಂಡು ಬಾ" ಅಂದಿದ್ದಳು ಮಗಳು. ಹಿರಿಯೂರಿನ ಹೆಣ್ಣಿಗೆ ಶನಿವಾರ ತಲೆಗೆ ನೀರು ಅಂದರೆ ಅರ್ಥ ಒಂದೇ. ನೆತ್ತಿಗೆ ಹರಳೆಣ್ಣೆ ತಟ್ಟಿಕೊಂಡು, ಬಿಸಿನೀರು ಹೊಯ್ದುಕೊಂಡು, ಮಿರಮಿರ ಮಿಂಚುತ್ತ ಬಂದರು. ಟೋಪಿ ತಲೆಯ ಮೇಲೆ ನಿಲ್ಲದೆ ಜಾರಿತು.

"ಅಮ್ಮಾ, ಯೇ ಕ್ಯಾ ಕಿಯಾ, ಏನ್ ಮಾಡ್ಕೊಂಡ್ ಬಂದೆ! ಎಣ್ಣೆ ಇದ್ರೆ ಸಿಗ್ನಲ್ಲೇ ಬರಲ್ಲ!"

"ನೀನೇ ಹೇಳಿದ್ದಲ್ಲೇ!"

ಲ್ಯಾಬಿನ ಸಿಂಕಿನಲ್ಲಿ ಮೂರು ಸಲ ಶಾಂಪೂ ಆಯಿತು. ಕೊನೆಗೂ ಟೋಪಿ ಕೂತಿತು. ಅಲ್ಲಾಡಬಾರದು, ಮಾತಾಡಬಾರದು. ಲೀಲಾವತಿ ಮನೆದೇವರನ್ನು ನೆನೆದು ತುಟಿ ಬಿಗಿದರು. ಮೊದಲ ವಾಕ್ಯ ಬಂತು.

'ಬಸ್ಸು ಬಂದಳು.'

ಅಯ್ಯೋ ಶಿವನೇ! ಇದು ಬೇಕೆಂದೇ ಹಾಕಿದ ತಪ್ಪಿರಬೇಕೆಂದು ಅವರು ಸಹಿಸಿದರು. 'ಅಪ್ಪ ಆಫೀಸಿಗೆ ಹೋಯಿತು.' ಮೈ ಜುಮ್ಮೆಂದಿತು. 'ಮೊಸರು ಹುಳಿ ಆದನು.' 'ಪೊಲೀಸ್ ಓಡಿ ಬಂದಳು.' ಬೆರಳುಗಳು ಕೆಂಪು ಪೆನ್ನಿಗಾಗಿ ತಡಕಾಡಿದವು. ಆಮೇಲೆ 'ಅಜ್ಜಿ ಕಾಫಿಗೆ ಮೊಳೆ ಹಾಕಿದರು' ಬಂದಾಗ ಅವರಿಗೆ ಹಾಯೆನಿಸಿತು. ಸದ್ಯ, ವ್ಯಾಕರಣವಾದರೂ ಸರಿಯಿದೆ!

ನಲವತ್ತು ವಾಕ್ಯ ಮುಗಿದವು. ಮನೋಜ್ ಪರದೆ ನೋಡಿ ಹುಬ್ಬೇರಿಸಿದರು. "ಅಮಿತಾ, ಎಲ್ಲ ಉಲ್ಟಾ. ಸರಿ ವಾಕ್ಯಕ್ಕೆ ಮಿದುಳು ಕುಣಿದಿದೆ. ತಪ್ಪು ವಾಕ್ಯಕ್ಕೆ ಮಲಗಿದೆ. ಸೋಮವಾರ ಇಲಿಗಳ ಲ್ಯಾಬಿಗೆ ಬಾ."

ಅಮಿತಾಳ ಕಣ್ಣು ತುಂಬಿತು. ಇನ್ನು ತಡೆಯುವುದುಂಟೇ! ಟೋಪಿಯ ತಂತಿಗಳನ್ನು ಎಳೆದುಕೊಂಡೇ ಲೀಲಾವತಿ ಎದ್ದು ಹಿಂದಿಯಲ್ಲೇ ಶುರು ಮಾಡಿದರು. "ಸರ್, ನನ್ನ ತಲೆ ಸರಿಯಾಗಿಯೇ ಇದೆ. ಇವಳು ಸರಿ ಅಂತ ಬರೆದಿದ್ದೇ ತಪ್ಪು! ಬಸ್ಸು ನಿಮ್ಮ ಹಿಂದೀಲಿ ಹೆಂಗಸು, ಕನ್ನಡದಲ್ಲಿ ಅಲ್ಲ. ನಿಮಗೆ ಯಾರಾದ್ರೂ 'ಪಾಪಾ ಆಯೀ', ಅಪ್ಪ ಬಂದಳು ಅಂದ್ರೆ ಹೇಗಿರುತ್ತೆ?"

ಮನೋಜ್ ಪಕ್ಕನೆ ನಕ್ಕರು. "ಅಮ್ಮಂಗೆ ಮೊದಲೇ ತೋರಿಸಬಹುದಿತ್ತಲ್ಲ?"

"ತೋರ್ಸಿದ್ರೆ ಸರ್‌ಪ್ರೈಸ್ ಎಲ್ಲಿರತ್ತೆ ಸರ್!" ಅಂತ ಅಮಿತಾ ಮುಖ ಮುಚ್ಚಿಕೊಂಡಳು.

ಲೀಲಾವತಿ ಪೆನ್ನು ಕೇಳಿ ಪಡೆದು, ಕೂತು, ಇಪ್ಪತ್ತು 'ಸರಿ' ವಾಕ್ಯಗಳನ್ನೂ ಒಂದೊಂದಾಗಿ ತಿದ್ದಿದರು. ಇಪ್ಪತ್ತಕ್ಕೆ ಇಪ್ಪತ್ತೂ ತಪ್ಪು. ಮನೋಜ್ ಆ ಹಾಳೆಯನ್ನು ಪರದೆಯ ಅಲೆಗಳ ಪಕ್ಕ ಹಿಡಿದು ತಾಳೆ ನೋಡಿದರು. ಹದಿನೇಳನೆಯದಕ್ಕೆ ಬೆರಳು ನಿಂತಿತು.

"ಮೇಡಂ, ಇದನ್ನೂ ತಪ್ಪು ಅಂತ ಗುರುತು ಹಾಕಿದ್ದೀರಿ. ಆದರೆ ಇಲ್ಲಿ ನಿಮ್ಮ ಮಿದುಳು ಒಂಚೂರೂ ಬೆಚ್ಚಿಲ್ಲ. ಏನಿದು?"

ಲೀಲಾವತಿ ಕನ್ನಡಕ ಸರಿಪಡಿಸಿಕೊಂಡು ಓದಿದರು. 'ಅಮ್ಮ, ನನಗೆ ಹಸಿವು ಅಂಟಿದೆ.'

"ತಪ್ಪೇ ಸರ್. ಹಿಂದೀಲಿ 'ಭೂಖ್ ಲಗೀ ಹೈ' ಅಂತೀರಲ್ಲ, ಅದನ್ನ ಕನ್ನಡ ಮಾಡಿದ್ದಾಳೆ. ಹಸಿವೇನು ಗೋಂದೇ, ಅಂಟೋದಕ್ಕೆ!"

"ಮತ್ತೆ ಯಾಕೆ ಬೆಚ್ಚಲಿಲ್ಲ?"

ಲೀಲಾವತಿ ಮಗಳ ಕಡೆ ತಿರುಗಿ ನೋಡಿದರು. ಇಪ್ಪತ್ತಾರು ವರ್ಷದಲ್ಲಿ ಅವರು ತಿದ್ದದೆ ಬಿಟ್ಟ ವಾಕ್ಯ ಅದೊಂದೇ ಇದ್ದೀತು.

"ಮೂರು ವರ್ಷದವಳಿದ್ದಾಗಿಂದ ದಿನಾ ಸಾಯಂಕಾಲ ಬಾಗಿಲಲ್ಲೇ ಹೀಗಂತಾಳೆ ಸರ್. ತಿದ್ದೋದ್ರೊಳಗೆ ದೋಸೆ ಹುಯ್ಯೋಕೆ ಹೋಗಿಬಿಡ್ತಿದ್ದೆ."

ಮನೋಜ್ ಹಾಳೆ ಕೆಳಗಿಟ್ಟರು. "ಅಮಿತಾ, ಇಲಿಗಳು ಬೇಡ. ಮಕ್ಕಳ ತಪ್ಪು ಅಮ್ಮಂದಿರ ಮಿದುಳಿನಲ್ಲಿ ಹೇಗೆ ಸರಿಯಾಗುತ್ತದೆ? ಇದೇ ನಿನ್ನ ವಿಷಯ. ಇನ್ನೂ ಹತ್ತು ಅಮ್ಮಂದಿರನ್ನು ಕರೆದುಕೊಂಡು ಬಾ."

ಅಮಿತಾ ಅಮ್ಮನನ್ನು ಟೋಪಿಸಮೇತ ತಬ್ಬಿಕೊಂಡಳು. "ಅಮ್ಮಾ, ಚಲೋ ಮನೆಗೆ. ನಂಗೆ ಹಸಿವಾಗ್ತಿದೆ."

ವ್ಯಾಕರಣ ಅಪ್ಪಟ ಶುದ್ಧ. ಲೀಲಾವತಿ ಬೆಚ್ಚಿಬಿದ್ದರು.