ಪಂಪಣ್ಣನ ಸೌಂಡ್ ಅಂಗಡಿ

ನನ್ನ ಮೈದುನ ಪಂಪಾಪತಿ ಹಾಡು ಕೇಳುತ್ತಿದ್ದದ್ದು ಅಂಗೈಯಿಂದ. ಯಾರದೇ ಕಾರು ನಮ್ಮ ಓಣಿಯಲ್ಲಿ ನಿಂತು ಒಳಗೆ ಹಾಡು ನಡೆದಿದ್ದರೆ ಸಾಕು, ಕರೆಯದಿದ್ದರೂ ಹೋಗಿ, ಅದರ ಬಾಗಿಲಿನ ಮೇಲೆ ಅಂಗೈ ಹರವಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಎತ್ತಿನ ಹೊಟ್ಟೆ ಮುಟ್ಟಿ ನೋಡುವ ದನದ ಡಾಕ್ಟರರೂ ಅಷ್ಟು ಗಂಭೀರವಾಗಿ ನಿಲ್ಲುವುದಿಲ್ಲ. ಆಮೇಲೆ ಕಣ್ಣು ತೆರೆದು, ಕಾರಿನ ಮಾಲೀಕನನ್ನು ಕನಿಕರದಿಂದ ನೋಡಿ, "ದನಿ ಇಲ್ರಿ ಇದರಾಗ" ಎನ್ನುತ್ತಿದ್ದ. ಅಷ್ಟರಲ್ಲಿ ಎದುರು ಮನೆಯ ಕಿಟಕಿ ಗಾಜು ಅದುರಿ, ತೊಟ್ಟಿಲ ಕೂಸು ಎದ್ದು ಅಳುತ್ತಿರುತ್ತಿತ್ತು. ಆದರೂ ಅವನ ಪ್ರಕಾರ ದನಿ ಇಲ್ಲ.

ಪಂಪಣ್ಣ ಯಶವಂತನಗರದ ಹತ್ತಿರದ ಒಂದು ಗಣಿಯಲ್ಲಿ ಅದಿರು ಪುಡಿ ಮಾಡುವ ಕ್ರಷರ್ ಮುಂದೆ ಕೆಲಸಕ್ಕಿದ್ದ. ಮೀಸೆ ಮೂಡುವ ಮೊದಲೇ ಸೇರಿದ ಕೆಲಸ. ವಾರಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಹೊಸಪೇಟೆಯ ನಮ್ಮ ಮನೆಗೆ ಬಂದು, ಮೈಯ ಕೆಂಪು ಧೂಳನ್ನೆಲ್ಲ ನಮ್ಮ ಬಚ್ಚಲಿಗೆ ದಾನ ಮಾಡಿ, ಊಟಕ್ಕೆ ಕೂತರೆ ಅವನ ಬಾಯಲ್ಲಿ ಒಂದೇ ಮಾತು. ಕ್ರಷರ್ ಬಿಡಬೇಕು, ಊರಲ್ಲಿ ಸಣ್ಣದೊಂದು ಕಾರ್ ಆಡಿಯೋ ಅಂಗಡಿ ತೆರೆಯಬೇಕು. ನಾನು ಸೊಸೆಯಾಗಿ ಈ ಮನೆಯ ಹೊಸ್ತಿಲು ದಾಟಿದಾಗಲೇ ಆ ಮಾತು ಇತ್ತು. ನನ್ನ ಮಕ್ಕಳು ಹುಟ್ಟಿ, ನಡೆದು, ಹೈಸ್ಕೂಲಿಗೆ ಹೋದರೂ ಅಂಗಡಿ ಮಾತ್ರ ಹುಟ್ಟಲಿಲ್ಲ. ಮದುವೆಯ ಸುದ್ದಿ ತೆಗೆದರೆ, ಅಂಗಡಿ ಆಗಲಿ ಎನ್ನುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವವರನ್ನು ನೋಡಿದ್ದೇನೆ. ಇವನು ಕುಲಾವಿಗೆ ಬಟ್ಟೆಯ ಬಣ್ಣ ಯಾವುದಿರಬೇಕೆಂದೇ ವರ್ಷಗಟ್ಟಲೆ ಯೋಚಿಸಿದವನು.

ರಜೆಯ ದಿನ ಊರೂರು ಸುತ್ತಿ ಬೇರೆಯವರ ಅಂಗಡಿ ನೋಡಿ ಬರುವುದು ಅವನ ಉದ್ಯೋಗ. ಸಂಡೂರಿನಲ್ಲಿ ಒಬ್ಬನಿಗೆ ವೈರಿಂಗ್ ಗೊತ್ತಿಲ್ಲ, ಕಂಪ್ಲಿಯಲ್ಲಿ ಇನ್ನೊಬ್ಬನಿಗೆ ಸ್ಪೀಕರಿನ ಡಬ್ಬಿ ಮಾಡಲು ಬರುವುದಿಲ್ಲ, ಹೊಸಪೇಟೆಯವರಿಗೆ ಎರಡೂ ಗೊತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಾದರೂ ಅಂಗಳಕ್ಕೆ ಇಳಿದಿದ್ದಳು, ಇವನು ಹೊಸ್ತಿಲಲ್ಲೇ ನಿಂತು ನೆಲ ನೋಡುತ್ತಿದ್ದ. ಇಷ್ಟು ವರ್ಷ ಯಾಕೆ ತಡ ಎಂದು ನಾನು ಕೇಳಿದರೆ ಒಂದು ಸಿದ್ಧ ಉತ್ತರವಿತ್ತು.

"ಅಂಗಡಿ ತೆರಿಯೋದು ದೊಡ್ಡದಲ್ರಿ ಅತ್ತಿಗಿ. ಮುಚ್ಚದಂಗ ತೆರೀಬೇಕು."

"ನಿಂದು ಯಾವತ್ತೂ ಮುಚ್ಚಂಗಿಲ್ಲ ಬಿಡಪ. ತೆರೆದ್ರ ಅಲ್ಲ ಮುಚ್ಚೋದು?"

ಅವನು ನಕ್ಕು, "ಹೂಂ ಮತ್ತ" ಎನ್ನುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದ. ನನ್ನ ನಾಲಿಗೆಯ ಬಗ್ಗೆ ಇಲ್ಲಿ ಹೇಳಬೇಕು. ಕಮಲಾಪುರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ ನಾಲಿಗೆ ಇದು. ನಮ್ಮ ಹೆಡ್ ಮಾಸ್ತರರು ಇದಕ್ಕೆ ಹೆದರುತ್ತಾರೆ. ನಮ್ಮತ್ತೆ ಬದುಕಿರುವ ತನಕ ಹೆದರಿದರು. ನಮ್ಮ ಮನೆಯವರು ಇದು ಶುರುವಾದರೆ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತಾರೆ. ಆ ಗಿಡ ಓಣಿಯಲ್ಲೇ ಎತ್ತರಕ್ಕೆ ಬೆಳೆದಿದೆ. ಪಂಪಣ್ಣ ಒಬ್ಬನೇ ನಾನು ಎಷ್ಟು ಚುಚ್ಚಿದರೂ ಮುಖ ಕೆಡಿಸದೆ, ಎದುರಿಗೆ ಕೂತು, ತಲೆಯಾಡಿಸುತ್ತಿದ್ದವನು. ಒಂದೋ ಇವನದು ಒಳ್ಳೆಯ ಮನಸ್ಸು, ಇಲ್ಲ ದಪ್ಪ ಚರ್ಮ. ನಾನು ದಪ್ಪ ಚರ್ಮವೆಂದೇ ತೀರ್ಮಾನಿಸಿದ್ದೆ.

ಒಮ್ಮೆ ಎಲ್ಲರೂ ಸೇರಿ ಬಲವಂತ ಮಾಡಿ ಕಂಪ್ಲಿಗೆ ಹೆಣ್ಣು ನೋಡಲು ಕರೆದುಕೊಂಡು ಹೋದೆವು. ನಮ್ಮ ಹಳೆಯ ಕಾರಿನ ಡಿಕ್ಕಿಯ ತುಂಬ ಅವನ ವೂಫರ್ ಡಬ್ಬಿ. ಹೂವು, ಹಣ್ಣು, ಮಂಡಕ್ಕಿ ಲಾಡು ಎಲ್ಲ ನನ್ನ ತೊಡೆಯ ಮೇಲೆ. ಹೆಣ್ಣಿನ ತಂದೆ ರೈಸ್ ಮಿಲ್ಲಿನವರು, ಮರ್ಯಾದಸ್ಥರು. ಈ ಮಹಾಶಯ ಇಳಿದವನೇ, ನಮಸ್ಕಾರ ಮಾಡುವ ಮೊದಲು, ಡಿಕ್ಕಿ ಎತ್ತಿ ಅವರಿಗೆ ದನಿ ತೋರಿಸಿದ. ಪಡಸಾಲೆಯಲ್ಲಿದ್ದ ಅವರ ಅಜ್ಜಿ ಎದೆ ಹಿಡಿದುಕೊಂಡು ಶಿವ ಶಿವಾ ಎಂದರು. ಅದನ್ನೂ ಅವರು ಹೊಟ್ಟೆಗೆ ಹಾಕಿಕೊಂಡರು. ಆದರೆ ಚಹ ತಂದ ಹುಡುಗಿ ಬಾಗಿಲ ಮರೆಯಲ್ಲಿ ನಿಂತು, ಮೆಲ್ಲಗೆ, ಅಂಗಡಿ ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದಳು. ಇವನು ಚಹ ಕುಡಿಯುತ್ತ ಕೂತ. ಅವಳು ಮತ್ತೊಮ್ಮೆ ಕೇಳಿದಳು. ಇವನು ಬಸಿಯಲ್ಲಿ ಉಳಿದಿದ್ದನ್ನೂ ಕುಡಿದ. ಹುಡುಗನಿಗೆ ಭಾಳ ಸೊಕ್ಕು ಐತಿ ಎಂದು ಅವರು ಹೇಳಿ ಕಳಿಸಿದರು. ನನಗೂ ಹಾಗೆಯೇ ಅನ್ನಿಸಿತ್ತು. ಕಂಪ್ಲಿಯಿಂದ ಹೊಸಪೇಟೆ ಮುಟ್ಟುವ ತನಕ ಬೈದೆ. ಅವನು ಸ್ಟೀರಿಂಗ್ ಹಿಡಿದು ನಗುಮುಖದಿಂದ ಗದ್ದೆ ನೋಡುತ್ತ ಬಂದ.

ಕಡೆಗೂ ಹೋದ ವರ್ಷ ಅಂಗಡಿ ಹಿಡಿದ. ಸಂಡೂರಿನ ಕಡೆಗೆ ಹೋಗುವ ರಸ್ತೆಯಲ್ಲಿ, ಪಂಕ್ಚರ್ ಅಂಗಡಿ ಮತ್ತು ಚಹದ ಹೋಟೆಲಿನ ನಡುವೆ, ತಗಡಿನ ಮಾಡಿನ ಒಂದು ಖೋಲಿ. ಹೆಸರಿನ ಬೋರ್ಡನ್ನು ಅವನು ಹೇಳಿದ ಬಣ್ಣದಲ್ಲಿ ಬರೆಸಿ, ನೋಡಿ, ಅಳಿಸಿ, ಮತ್ತೆ ಬರೆಸಿದ. ಅಮಾವಾಸ್ಯೆಗೆ ಲಾರಿ ಕಾರುಗಳವರೆಲ್ಲ ಗಾಡಿ ತೊಳೆದು, ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಗಾಲಿ ಹತ್ತಿಸಿಕೊಂಡು ಅದೇ ರಸ್ತೆಗೆ ಬರುತ್ತಾರೆ, ಅವತ್ತೇ ಶುರು ಮಾಡುವುದೆಂದು ನಿಶ್ಚಯವಾಯಿತು. ಕ್ರಷರಿಗೆ ದೊಡ್ಡ ರಜೆ ಹಾಕಿ ಬಂದ. ಅಂಗಡಿ ನಡೆದರೆ ಆ ಕಡೆ ಮತ್ತೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ನಮ್ಮ ಮನೆಯವರಿಗೆ ಹೇಳಿದ್ದನಂತೆ. ನನಗೆ ಸಂತೋಷವಾಗಿತ್ತು. ತೋರಿಸಲಿಲ್ಲ. ಬೋರ್ಡಿನ ಹಳದಿ ನೋಡಿದರೆ ಕಾಮಾಲೆ ಆದಂಗಿದೆ ಎಂದಷ್ಟೇ ಹೇಳಿದೆ.

ಅಮಾವಾಸ್ಯೆಗೆ ಮೊದಲಿನ ಭಾನುವಾರ ಕಮಲಾಪುರದ ಬಾಳೆಹಣ್ಣಿನ ವ್ಯಾಪಾರಿ ಕೊಟ್ರೇಶ ಹೊಸ ಕಾರು ತಂದು ಬಿಟ್ಟ. ಪರಿಚಯದವನು, ಮೊದಲ ಗಿರಾಕಿ. ಪಂಪಣ್ಣ ಬೆಳಗಿನಿಂದ ಕಾರಿನ ಹೊಟ್ಟೆಯೊಳಗೇ ಇದ್ದ. ನಾನು ಬುತ್ತಿ ತೆಗೆದುಕೊಂಡು ಹೋದ ಹೊತ್ತಿಗೆ ಕೆಲಸ ಮುಗಿದು, ಕೊಟ್ರೇಶ ಎಂಜಿನ್ ಚಾಲೂ ಮಾಡಿದ. ಹಾಡಿನ ಜೊತೆಗೆ ತೆಳ್ಳಗೆ, ಸೊಳ್ಳೆ ಕಿವಿಯಲ್ಲಿ ಕೂತಂತೆ, ಕುಂಯ್ ಎನ್ನುವ ಒಂದು ಸದ್ದು. ಆಕ್ಸಿಲರೇಟರ್ ಒತ್ತಿದಂತೆ ಅದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಚಹದ ಹೋಟೆಲಿನವನೂ ಇಣುಕಿ ನೋಡಿದ. ಪಂಪಣ್ಣ ಬಾಗಿಲಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಬೆಣ್ಣಿ ಇದ್ದಂಗ ಐತಿ ಎಂದ.

ಇದೇನು ಸದ್ದು ಎಂದು ಕೊಟ್ರೇಶ ಕೇಳಿದ. ಯಾವ ಸದ್ದೂ ಇಲ್ಲ ಎಂದ ಪಂಪಣ್ಣ. ಕೊಟ್ರೇಶ ಇನ್ನೂ ಜೋರಾಗಿ ಎಂಜಿನ್ ಏರಿಸಿದ. ನನ್ನ ಹಲ್ಲು ಚುಳ್ ಎಂದವು. ಪಂಪಣ್ಣ ಏನಿಲ್ಲ ಬಿಡ್ರಿ ಎಂದು ನಕ್ಕ. ಕೊಟ್ರೇಶನ ಮುಖ ಕೆಂಪಾಯಿತು, ನಮ್ಮನ್ನೇನು ಹುಚ್ಚರು ಮಾಡ್ತೀರಾ ಎಂದ. ಹಗಲಲ್ಲಿ ನಿಂತು ಇಷ್ಟು ಹಸಿ ಸುಳ್ಳು ಹೇಳುತ್ತಾನಲ್ಲ ಎಂದು ನನಗೂ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆಯಬೇಕು ಎನ್ನುವಾಗ ಅವನ ಮುಖ ನೋಡಿದೆ. ಅವನು ಕಾರನ್ನು ನೋಡುತ್ತಿರಲಿಲ್ಲ. ಕೊಟ್ರೇಶನ ಮುಖ, ಹೋಟೆಲಿನವನ ಮುಖ, ನನ್ನ ಮುಖ, ಒಂದೊಂದನ್ನೇ ನೋಡುತ್ತಿದ್ದ. ಆ ನೋಟ ನನಗೆ ಗೊತ್ತು. ತರಗತಿಯಲ್ಲಿ ಎಲ್ಲರೂ ಓದುತ್ತಿರುವಾಗ ಯಾವ ಪುಟವೆಂದು ತಿಳಿಯದ ಮಗು ಪಕ್ಕದವರ ಪುಸ್ತಕ ನೋಡುವ ನೋಟ ಅದು. ನಾನು ಅವನ ಬೆನ್ನ ಹಿಂದೆ ಹೋಗಿ ನಿಂತು ಮೆಲ್ಲಗೆ, ಪಂಪಣ್ಣ, ಎಂದೆ. ಅವನು ತಿರುಗಲಿಲ್ಲ.

ಬಳ್ಳಾರಿಯ ಕಿವಿ ಡಾಕ್ಟರರು ಅವನನ್ನು ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಬೆರಳೆತ್ತು ಎಂದರು. ದಪ್ಪ ಸದ್ದುಗಳಿಗೆ ಬೆರಳು ಎದ್ದಿತು. ತೆಳು ಸದ್ದುಗಳಿಗೆ ಅವನು ಸುಮ್ಮನೆ ಕೂತು ಗಾಜಿನಾಚೆ ನನ್ನನ್ನು ನೋಡುತ್ತಿದ್ದ. ಕ್ರಷರಿನ ಮುಂದೆ ದುಡಿಯುವವರು ಭಾಳ ಜನ ಹೀಗೆ ಬರುತ್ತಾರೆ, ಹೋದದ್ದು ತಿರುಗಿ ಬರುವುದಿಲ್ಲ, ಕಿವಿಗೆ ಮಷಿನ್ ಹಾಕಿಕೊಳ್ಳಲಿ ಎಂದರು ಡಾಕ್ಟರರು. ಆ ಕಂಪನಿ ಕಿವಿಗೆ ಏನು ಕೊಟ್ಟಿತ್ತು ಎಂದು ಕೇಳಿದೆ. ಹತ್ತಿ ಕೊಡ್ತಾರ್ರಿ ಎಂದ ಪಂಪಣ್ಣ. ಕಬ್ಬಿಣದ ಗುಡ್ಡವನ್ನೇ ಪುಡಿ ಮಾಡುವ ಗರ್ಜನೆಗೆ ಹತ್ತಿ! ದೀಪದ ಬತ್ತಿಗೂ ಸಾಲದ ಹತ್ತಿ. ಆಯುಧ ಪೂಜೆಗೆ ಒಂದು ಡಬ್ಬಿ ಸಿಹಿಯನ್ನೂ ಕೊಡುತ್ತಾರಂತೆ, ಅದನ್ನು ಅವನು ತಪ್ಪದೆ ನನ್ನ ಮಕ್ಕಳಿಗೆ ತಂದುಕೊಡುತ್ತಿದ್ದ. ಕಂಪ್ಲಿಯ ಆ ಹುಡುಗಿ ಎರಡು ಸಲ ಕೇಳಿದ್ದು ಇವನ ಕಿವಿಗೆ ಮುಟ್ಟಿಯೇ ಇರಲಿಲ್ಲ. ಇವನಿಗೆ ಸಿಕ್ಕ ದನಿಯೆಲ್ಲ ಅಂಗೈಗೆ ಸಿಕ್ಕಷ್ಟೇ.

ಮಷಿನ್ ಹಾಕಿಕೊಳ್ಳಲು ಮೊದಲು ಒಪ್ಪಲಿಲ್ಲ. ಸೌಂಡ್ ಅಂಗಡಿಯವನ ಕಿವಿಯಲ್ಲಿ ಮಷಿನ್ ಕಂಡರೆ ಯಾರು ಬರುತ್ತಾರೆ ಎಂದ. ದರ್ಜಿ ಕನ್ನಡಕ ಹಾಕಿಕೊಂಡರೆ ಮಂದಿ ಬಟ್ಟೆ ಹೊಲಿಸುವುದಿಲ್ಲವೇ ಎಂದೆ. ಅಮಾವಾಸ್ಯೆ ಹತ್ತಿರ ಬಂದಿತ್ತು, ಕೊಟ್ರೇಶನ ಕಾರು ಹಾಗೆಯೇ ನಿಂತಿತ್ತು. ಒಂದು ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಅದನ್ನು ಕಿವಿಗೆ ಸಿಕ್ಕಿಸಿಕೊಂಡ. ಅವತ್ತು ನಾನು ಅವನ ಚಪ್ಪಲಿಯ ಕೆಮ್ಮಣ್ಣಿನ ಬಗ್ಗೆ ಶುರು ಮಾಡಿದ್ದೆ, ಚಪ್ಪಲಿಯಿಂದ ಬೋರ್ಡಿನ ಬಣ್ಣಕ್ಕೆ ಹೋಗಿದ್ದೆ. ಅವನು ಕೈಯೆತ್ತಿ ನನ್ನನ್ನು ನಿಲ್ಲಿಸಿ, ಬೆರಗಾಗಿ ನೋಡಿದ.

"ಅತ್ತಿಗಿ, ಇಷ್ಟು ವರ್ಷ ನೀವು ನನಗ ಬೈತಿದ್ರೇನು?"

"ಮತ್ತೇನು ಜೋಗುಳ ಹಾಡ್ತಿದ್ದೆ ಅಂದ್ಕೊಂಡಿದ್ಯಾ?"

"ಮೆತ್ತಗ ಬುದ್ಧಿ ಹೇಳ್ತಾರ ಅಂದ್ಕೊಂಡಿದ್ದೆ."

ನಮ್ಮ ಮನೆಯವರು ಹಿತ್ತಲಿನಲ್ಲಿ ಬಿದ್ದು ಬಿದ್ದು ನಕ್ಕರು. ನಾನು ಒಳಗೆ ಹೋದೆ. ನನ್ನ ನಾಲಿಗೆಗಾಗಿ ನಾನು ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ, ಈಗಲೂ ತಗ್ಗಿಸುವುದಿಲ್ಲ. ಆದರೆ ಈ ಲೋಕದಲ್ಲಿ ನನ್ನನ್ನು ಮೆತ್ತನೆಯ ಮಾತಿನವಳು ಎಂದು ತಿಳಿದಿದ್ದ ಒಬ್ಬ ಮನುಷ್ಯ ಇದ್ದನಂತೆ, ಆ ಬೆಳಿಗ್ಗೆ ಅವನೂ ಇಲ್ಲದಂತಾಯಿತು.

ಅವತ್ತೇ ಅಂಗಡಿಗೆ ಹೋದೆವು. ಕೊಟ್ರೇಶನ ಕಾರಿನ ಕುಂಯ್ ಸದ್ದನ್ನು ಮೊದಲ ಬಾರಿಗೆ ಕೇಳಿ, ಅರ್ಥಿಂಗ್ ವೈರ್ ಕಚ್ಚಿದ ಜಾಗದ ಪೇಂಟ್ ಕೆರೆದು, ಬಿಗಿದು, ಅದನ್ನು ನಿಲ್ಲಿಸಿದ. ಮುಖ ಅರಳಿತ್ತು. ಆಮೇಲೆ ಗೋಡೆಗೆ ಜೋಡಿಸಿದ್ದ ತನ್ನದೇ ಸಿಸ್ಟಂನಲ್ಲಿ, ತನ್ನ ಅಳತೆಯ ದನಿಯಲ್ಲಿ, ತನಗೆ ಇಷ್ಟವಾದ ಹಾಡು ಹಾಕಿದ. ಹಾಕಿದವನೇ ಬೆಂಕಿ ಮುಟ್ಟಿದವನಂತೆ ಹಿಂದೆ ಸರಿದ. ದನಿ ತಗ್ಗಿಸಿದ. ಇನ್ನೂ ತಗ್ಗಿಸಿದ. ಹೋಟೆಲಿನವನು ಬಂದು ಬಂದ್ ಮಾಡಿದ್ರೇನು ಎಂದು ಕೇಳುವಷ್ಟು ತಗ್ಗಿಸಿದ ಮೇಲೂ ಅವನ ಹುಬ್ಬು ಸಡಿಲವಾಗಲಿಲ್ಲ.

"ಇಷ್ಟು ಕರಕರ ಅಂತೈತಲ್ರಿ ಅತ್ತಿಗಿ. ಇದನ್ನ ಮಂದಿಗೆ ಮಾರಾಕ ಹೊಂಟಿದ್ನೇನು ನಾನು?"

ಮಂದಿಗೆ ಬೇಕಾದದ್ದೇ ಈ ಕರಕರ ಎಂದೆ. ಕೋಣನ ಮುಂದೆ ಕಿನ್ನರಿ ಯಾಕೆ ಬಾರಿಸುತ್ತೀಯ, ಅದಕ್ಕೆ ಬೇಕಾದದ್ದು ಹಿಂಡಿ, ಹಾಕು ಎಂದೆ. ಇಷ್ಟು ವರ್ಷ ಎಲ್ಲರ ಕಾರಿನಲ್ಲೂ ದನಿ ಇಲ್ಲ ಎಂದು ಹಂಗಿಸಿದವನು, ಈಗ ದನಿ ಹೆಚ್ಚಾಯಿತು ಎನ್ನುತ್ತೀಯಲ್ಲ ಎಂದೆ. ಅವನು ಅಷ್ಟನ್ನೂ ಕೇಳಿಸಿಕೊಂಡ. ಈಗ ಪೂರ್ತಿ ಕೇಳುತ್ತಿತ್ತು.

"ಗೊತ್ತಿಲ್ದ ಮಾರಿದ್ರ ಮಾತು ಬ್ಯಾರೆ ಇತ್ತು" ಎಂದ.

ಅಮಾವಾಸ್ಯೆಯ ದಿನ ಆ ರಸ್ತೆಯಲ್ಲಿ ಹೂವು ಹಾಕಿಕೊಂಡ ಗಾಡಿಗಳು ಓಡಾಡಿದವು. ಶಟರ್ ಏಳಲಿಲ್ಲ. ಮಳೆ ಬಂದ ಮೇಲೆ ತೆರೆಯುತ್ತೇನೆ, ಬರೀ ಸಣ್ಣ ದನಿಯ ಒಳ್ಳೆಯ ಸ್ಪೀಕರ್ ಇಡುತ್ತೇನೆ ಎಂದು ಒಂದು ವಾರ ಹೇಳಿದ. ಅದನ್ನು ಕೇಳಲು ಹೊಸಪೇಟೆಯಲ್ಲಿ ಯಾರಿದ್ದಾರೆ, ಗುಡಿಯ ಪೂಜಾರಿಗೆ ಕಾರಿಲ್ಲ ಎಂದೆ. ಆಮೇಲೆ ಅವನು ಅಂಗಡಿಯ ಮಾತು ನಿಲ್ಲಿಸಿದ. ಮಷಿನನ್ನೂ ತೆಗೆದಿಟ್ಟ. ಒಗ್ಗರಣೆಯ ಸದ್ದಿಗೂ ಬೆಚ್ಚಿ ಬೀಳುವಂತಾಗಿತ್ತು ಅವನಿಗೆ.

ರಜೆ ಮುಗಿದ ದಿನ ನಾನು ಕಮಲಾಪುರದ ಬಸ್ಸಿಗೆ ಹೊರಟಾಗ ಅವನೂ ಚೀಲ ಹಿಡಿದು ಜೊತೆಗೆ ಬಂದ. ಕಂಪನಿ ಬಸ್ಸು ನಿಲ್ಲುವ ಕಟ್ಟೆಯ ಹತ್ತಿರ ನಿಂತೆವು. ಅಲ್ಲಿಗೆ ಹೋಗಬೇಡ, ಉಳಿದದ್ದನ್ನೂ ಆ ಕ್ರಷರ್ ತಿಂದುಬಿಡುತ್ತದೆ ಎಂದೆ. ಅವನು ಜೇಬಿನಿಂದ ಮಷಿನ್ ತೆಗೆದು ಕಿವಿಗಿಟ್ಟುಕೊಂಡು, ಇನ್ನೊಮ್ಮೆ ಹೇಳ್ರಿ ಎಂದ. ನಾನು ಇನ್ನೊಮ್ಮೆ ಹೇಳಿದೆ. ಅಂಗಡಿ ಇಲ್ಲದಿದ್ದರೆ ಬೇಡ, ಮನೆ ಇದೆ, ಊಟಕ್ಕೇನು ಕಡಿಮೆಯಾಗಿಲ್ಲ, ನೀನು ಹೋದರೆ ನನಗೆ ಬೇಜಾರಾಗುತ್ತದೆ ಎಂದೂ ಹೇಳಿದೆ.

"ಇಲ್ಲಿ ಎಲ್ಲಾರೂ ನನಗ ಎರಡೆರಡು ಸಲ ಹೇಳ್ಬೇಕ್ರಿ ಅತ್ತಿಗಿ" ಎಂದ. "ಅಲ್ಲಿ ಹಂಗಿಲ್ಲ. ಅಲ್ಲಿ ಎಲ್ಲಾರೂ ಕೂಗೇ ಮಾತಾಡ್ತಾರ. ಅಲ್ಲಿ ನಾನು ಕಿವುಡ ಅಲ್ರಿ."

ಬಸ್ಸು ಬಂತು. ಕಿಟಕಿಯ ಪಕ್ಕ ಕೂತಿದ್ದವನೊಬ್ಬ ಹಳೆಯ ಗೆಳೆಯನಿರಬೇಕು, ಏನೋ ಕೂಗಿ ಕೇಳಿದ. ಪಂಪಣ್ಣ ಅಷ್ಟೇ ಜೋರಾಗಿ ಕೂಗಿ ಉತ್ತರ ಕೊಟ್ಟು, ನಗುತ್ತ ಹತ್ತಿಕೊಂಡ.

ಈಗ ಅವನು ಅಲ್ಲಿಯ ಕ್ವಾರ್ಟರ್ಸಿನಲ್ಲೇ ಇರುತ್ತಾನೆ, ವಾರಕ್ಕೊಮ್ಮೆ ಬರುವುದನ್ನೂ ಬಿಟ್ಟಿದ್ದಾನೆ. ತಗಡಿನ ಖೋಲಿಯಲ್ಲಿ ಯಾರೋ ಸೀಟ್ ಕವರ್ ಹೊಲಿಯುತ್ತಾರೆ. ಭಾನುವಾರ ನಮ್ಮ ಮನೆಯವರು ಫೋನ್ ಹಚ್ಚಿ ಕೊಡುತ್ತಾರೆ. ಫೋನಿನಲ್ಲಿ ಅವನಿಗೆ ಸರಿಯಾಗಿ ಕೇಳುವುದಿಲ್ಲ, ಆದ್ದರಿಂದ ನಾನು ಮನೆಯ ಮುಂದಿನ ಕಟ್ಟೆಗೆ ಬಂದು ನಿಂತು, ಗಂಟಲು ಹರಿಯುವಂತೆ ಕೂಗುತ್ತೇನೆ. ಈ ಬಾಯಿಬಡಕಿ ಇವತ್ತು ಮತ್ಯಾರ ಮೇಲೆ ಬಿದ್ದಳಪ್ಪಾ ಎಂದು ಓಣಿಯವರು ಬಾಗಿಲು ಸಂದಿಯಿಂದ ನೋಡುತ್ತಾರೆ. ನಾನು ಕೂಗುತ್ತಿರುವುದು ಇಷ್ಟೇ. ಉಂಡ್ಯಾ? ಮೈಯಾಗ ಆರಾಮ ಅದಿಯಾ? ಯಾವಾಗ ಬರ್ತೀ?