ಹಕ್ಕಿಗಳ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ ದಿನ

ಇವತ್ತು ಶಂಕರಘಟ್ಟದ ಬಸ್ಸಿನಲ್ಲಿ ಡೀಸೆಲ್ ವಾಸನೆ ಮೂಗಿಗೆ ಬಡಿದದ್ದೇ, ಭದ್ರಾ ಹಿನ್ನೀರಿನ ಆ ನಡುಗಡ್ಡೆ ನೆನಪಾಯಿತು.

ಆಗ ನಾನು ಭದ್ರಾವತಿಯಲ್ಲಿ ಎಂಟನೇ ಕ್ಲಾಸು. ನಡುಗಡ್ಡೆಯ ಬರಿನೆಲದಲ್ಲೇ ಮೊಟ್ಟೆಯಿಡುವ ರೀವ ಹಕ್ಕಿಗಳನ್ನು (ರಿವರ್ ಟರ್ನ್) ತೋರಿಸಲು ವಿಜ್ಞಾನದ ಮೇಡಂ ನಮ್ಮನ್ನು ಡೀಸೆಲ್ ಬೋಟಿನಲ್ಲಿ ಕರೆದೊಯ್ದಿದ್ದರು. ನಮ್ಮನ್ನು ಅಲ್ಲಿಳಿಸಿ ಉಳಿದವರನ್ನು ಕರೆತರಲು ಹೋದ ಬೋಟು ಆಚೆ ದಡದಲ್ಲಿ ಕೆಟ್ಟು ನಿಂತಿತು.

ನೆರಳೇ ಇಲ್ಲದ ಜಾಗ. ಕಾಲಬುಡದಲ್ಲೆಲ್ಲ ಕಲ್ಲಿನದೇ ಬಣ್ಣದ ಮೊಟ್ಟೆಗಳು. ಹೆಜ್ಜೆ ಎತ್ತಿಡಲೂ ಭಯ. ಹಕ್ಕಿಗಳು ಕಿರುಚುತ್ತಾ ತಲೆಗೇ ಎರಗುತ್ತಿದ್ದವು.

“ಮಿಸ್, ನಮ್ಮನ್ನ ಕೊಂದೇ ಹಾಕ್ತಾವೆ” ಎಂದು ಗೆಳತಿ ಶಬಾನಾ ಅತ್ತಳು.

“ಮೊಟ್ಟೆ ಬಿಸಿಲಿಗೆ ಬೇಯ್ತಿದಾವೆ ಕಣ್ರೇ. ನಾವಿಲ್ಲಿರೋ ತನಕ ತಾಯಿ ಬಂದು ಕೂರಲ್ಲ” ಎಂದ ಮೇಡಂ, ಸೀರೆ ಎತ್ತಿ ಕಟ್ಟಿ, ನೆಲ ನೋಡಿಕೊಂಡು ನಡೆದು ನೀರಿಗಿಳಿದರು. ಅವರು ಕಾಲಿಟ್ಟಲ್ಲೇ ಕಾಲಿಡುತ್ತಾ ನಾವೂ ಇಳಿದೆವು.

ಮೊಣಕಾಲುದ್ದ ನೀರಿನಲ್ಲಿ ಕೈಕೈ ಹಿಡಿದು ನಿಂತೆವು. ಯಾರಿಗೂ ಈಜು ಬರುತ್ತಿರಲಿಲ್ಲ. ಹಿಂದೆ ಆಳ, ಮುಂದೆ ಹಕ್ಕಿ. ಸ್ವಲ್ಪ ಹೊತ್ತಿಗೆ ಕಿರುಚಾಟ ಅಡಗಿತು. ಒಂದು ಹಕ್ಕಿ ನೀರಿಗೆ ಹೊಟ್ಟೆ ತಾಗಿಸಿ ಬಂದು, ಆ ಒದ್ದೆ ಮೈಯಲ್ಲೇ ಮೊಟ್ಟೆಗಳ ಮೇಲೆ ಕೂತಿತು. ಶಬಾನಾ ಅಳು ಮರೆತು ನನ್ನ ಕೈ ಹಿಸುಕಿದಳು. ಸಂಜೆ ಬೋಟು ಬರುವವರೆಗೂ ನಾವು ಅಲುಗಲಿಲ್ಲ.

ಈಗ ಅಲ್ಲಿ ಯಾರನ್ನೂ ಇಳಿಸುವುದಿಲ್ಲವಂತೆ, ಇದನ್ನೆಲ್ಲ ಕೇಳಿಸಿಕೊಂಡ ಬಸ್ಸಿನ ಪಕ್ಕದ ಸೀಟಿನ ವಿದ್ಯಾರ್ಥಿನಿ ಹೇಳಿದಳು.

“ಒಳ್ಳೇದಾಯ್ತು ಮಾರಾಯ್ತಿ” ಎಂದೆ.